ಸೊಪ್ಪಿನವರ ಹತ್ತಿರ ಚೌಕಾಸಿ ಬಿಡಿ: ಮನೆ ಖರ್ಚು ನಿಜವಾಗಿ ಇಳಿಯುವುದು ಎಲ್ಲಿ?

"ಅಂಥದ್ದೇನೂ ತಗೊಂಡಿಲ್ಲ, ಆದ್ರೂ ದುಡ್ಡು ಎಲ್ಲಿ ಹೋಯ್ತೋ ಗೊತ್ತಿಲ್ಲ." ತಿಂಗಳ ಹದಿನೈದನೇ ತಾರೀಕಿನ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ. ಆಗ ನಾವು ಮೊದಲು ಕೈ ಹಾಕುವುದು ಕಣ್ಣಿಗೆ ಕಾಣುವ ಖರ್ಚಿಗೆ. ತಳ್ಳುಗಾಡಿಯವರ ಹತ್ತಿರ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತೇವೆ. ಹಾಲು ಅರ್ಧ ಲೀಟರ್ ಕಮ್ಮಿ ಮಾಡುತ್ತೇವೆ. ಮಕ್ಕಳು ಐಸ್‌ಕ್ರೀಮ್ ಕೇಳಿದರೆ ಗದರುತ್ತೇವೆ. ಅದೇ ಹೊತ್ತಿಗೆ ಯಾರೂ ತೆರೆದು ನೋಡದ ಆ್ಯಪ್ ಒಂದಕ್ಕೆ ತಿಂಗಳಿಗೆ ಇನ್ನೂರು ಚಿಲ್ಲರೆ ತನ್ನಷ್ಟಕ್ಕೆ ಕಟ್ ಆಗುತ್ತಿರುತ್ತದೆ.

2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಎಲ್ಲರೂ ಗೊಣಗಿದೆವು. ದಿನಕ್ಕೆ ಒಂದು ಲೀಟರ್ ಕೊಳ್ಳುವ ಮನೆಗೆ ಅದರಿಂದ ಬಿದ್ದ ಹೊರೆ ತಿಂಗಳಿಗೆ 120 ರೂಪಾಯಿ. ಆ್ಯಪ್‌ನಲ್ಲಿ ತರಿಸುವ ಊಟ ಒಂದು ಸಲ ತಪ್ಪಿದರೆ ಅಷ್ಟು ಬಂತು. ಬೆಲೆ ಏರಿದ್ದು ಕಾಣುತ್ತದೆ, ಅಭ್ಯಾಸ ಬೆಳೆದದ್ದು ಕಾಣುವುದಿಲ್ಲ. ಹಾಗಾಗಿ ಈ ಲೇಖನ ಹಾಲು, ಸೊಪ್ಪಿನಿಂದ ಶುರುವಾಗುವುದಿಲ್ಲ. ಸುಮ್ನೆ ಹೋಗುತ್ತಿರುವ ದುಡ್ಡನ್ನು ಹುಡುಕುವುದರಿಂದ ಶುರುವಾಗುತ್ತದೆ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಟ್ಟರೆ ಒಳ್ಳೆಯದು.

ಹೆಜ್ಜೆ 1: ಹಿಂದಿನ ಮೂರು ತಿಂಗಳ ಲೆಕ್ಕ ಹೊರಗೆ ತೆಗೆಯಿರಿ

"ಇವತ್ತಿನಿಂದ ಲೆಕ್ಕ ಬರೆಯುತ್ತೇನೆ" ಅಂತ ಹೊಸ ಡೈರಿ ತರಬೇಡಿ. ಅದು ಒಂದು ವಾರಕ್ಕೆ ನಿಲ್ಲುತ್ತದೆ. ನಿಮ್ಮ ಲೆಕ್ಕವನ್ನು ಬ್ಯಾಂಕು ಆಗಲೇ ಬರೆದಿಟ್ಟಿದೆ. ಬ್ಯಾಂಕ್ ಆ್ಯಪ್‌ನಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಎರಡೂ ಅಕೌಂಟಿನದು ಬೇಕು, ಕ್ರೆಡಿಟ್ ಕಾರ್ಡ್ ಇದ್ದರೆ ಅದರದ್ದೂ ಬೇಕು.

ಒಂದು ಪೆನ್ನು ಹಿಡಿದು ಪ್ರತಿ ಸಾಲಿನ ಪಕ್ಕ ಗುರುತು ಹಾಕುತ್ತಾ ಹೋಗಿ. ಬಾಡಿಗೆ, ಸಾಲದ ಕಂತು, ಸ್ಕೂಲ್ ಫೀಸು ಒಂದು ಗುಂಪು. ದಿನಸಿ, ತರಕಾರಿ, ಹಾಲು, ಗ್ಯಾಸು ಇನ್ನೊಂದು. ತಾನಾಗಿಯೇ ಕಟ್ ಆಗುವುದು ಮೂರನೆಯದು. ಮಿಕ್ಕಿದ್ದೆಲ್ಲ ನಾಲ್ಕನೆಯದು. ಇದಕ್ಕಿಂತ ಹೆಚ್ಚು ವಿಂಗಡಣೆ ಬೇಡ.

ಒಂದು ತೊಡಕು ಇದೆ. ಯುಪಿಐನಲ್ಲಿ ಕೊಟ್ಟ ದುಡ್ಡು ಸ್ಟೇಟ್‌ಮೆಂಟ್‌ನಲ್ಲಿ ಯಾರದೋ ಹೆಸರಾಗಿ ಬಂದಿರುತ್ತದೆ. ಅದು ಬೇಕರಿಯವರೋ, ಆಟೋದವರೋ, ಎಳನೀರಿನವರೋ ನೆನಪಾಗುವುದಿಲ್ಲ. ತಲೆ ಕೆಡಿಸಿಕೊಳ್ಳಬೇಡಿ. 200 ರೂಪಾಯಿ ಒಳಗಿನ ಅಂಥ ಸಾಲುಗಳನ್ನೆಲ್ಲ ಒಟ್ಟು ಮಾಡಿ "ಚಿಲ್ಲರೆ" ಅಂತ ಬರೆಯಿರಿ. ಬಹಳ ಮನೆಗಳಲ್ಲಿ ಈ ಚಿಲ್ಲರೆಯ ಮೊತ್ತ ನೋಡಿಯೇ ಎದೆ ಧಸಕ್ ಅನ್ನುತ್ತದೆ. ನೋಟು ಎಣಿಸಿ ಕೊಡುವಾಗ ಕೈ ಸ್ವಲ್ಪ ಹಿಂದೆಮುಂದೆ ನೋಡುತ್ತಿತ್ತು. ಸ್ಕ್ಯಾನ್ ಮಾಡುವಾಗ ಅದಿಲ್ಲ. ಇದಕ್ಕೆ ಒಂದು ಉಪಾಯವಿದೆ: ದೊಡ್ಡ ಅಕೌಂಟನ್ನು ಯುಪಿಐಗೆ ಜೋಡಿಸಬೇಡಿ. ಇನ್ನೊಂದು ಸಣ್ಣ ಅಕೌಂಟ್ ಇಟ್ಟು, ಅದಕ್ಕೆ ವಾರಕ್ಕೆ ಇಷ್ಟು ಅಂತ ಹಾಕಿ, ಅದರಿಂದಲೇ ಸ್ಕ್ಯಾನ್ ಮಾಡಿ. ದುಡ್ಡು ಮುಗಿದರೆ ಆ ವಾರದ ಚಿಲ್ಲರೆ ಮುಗಿಯಿತು.

ಈ ಕೆಲಸವನ್ನು ಮನೆಯವರೆಲ್ಲ ಕೂತು ಮಾಡಿ. ಒಬ್ಬರೇ ಲೆಕ್ಕ ಹಾಕಿ ಇನ್ನೊಬ್ಬರಿಗೆ ಪಾಠ ಹೇಳಲು ಹೋದರೆ ದುಡ್ಡು ಉಳಿಯುವುದಿಲ್ಲ, ಜಗಳ ಉಳಿಯುತ್ತದೆ. ಇಬ್ಬರಿಗೂ ತಿಂಗಳಿಗೆ ಇಂತಿಷ್ಟು "ಯಾಕೆ ಅಂತ ಕೇಳಬಾರದ" ದುಡ್ಡು ಇರಲಿ. ಅವರು ಅದರಲ್ಲಿ ಸೀರೆ ತಗೊಳ್ಳಲಿ, ಕ್ರಿಕೆಟ್ ಬ್ಯಾಟ್ ತಗೊಳ್ಳಲಿ. ಹಿಂದೆ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಮುಚ್ಚಿಡುತ್ತಿದ್ದದ್ದು ಇಂಥ ಪಾಲು ಯಾರೂ ಕೊಡದೆ ಇದ್ದದ್ದಕ್ಕೇ.

ಹೆಜ್ಜೆ 2: ತಾನಾಗಿ ಕಟ್ ಆಗುವುದನ್ನು ಕತ್ತರಿಸಿ

ಮೂರನೇ ಗುಂಪಿನ ಸಾಲುಗಳನ್ನು ಈಗ ನೋಡಿ. ಒಟಿಟಿ, ಹಾಡಿನ ಆ್ಯಪ್, ಮಕ್ಕಳ ಕಲಿಕೆಯ ಆ್ಯಪ್, ಫೋಟೋ ಇಡುವ ಜಾಗ, ಜಿಮ್. ಒಂದು ರೂಪಾಯಿಗೆ ಟ್ರಯಲ್ ಅಂತ ಒತ್ತಿ ಮರೆತದ್ದು ಒಂದಾದರೂ ಇದ್ದೇ ಇರುತ್ತದೆ. ಯುಪಿಐ ಆ್ಯಪ್‌ನಲ್ಲಿ "ಆಟೋಪೇ" ಅಥವಾ "ಮ್ಯಾಂಡೇಟ್" ಅನ್ನುವ ಜಾಗಕ್ಕೆ ಹೋದರೆ ಚಾಲ್ತಿಯಲ್ಲಿರುವ ಎಲ್ಲವೂ ಕಾಣುತ್ತವೆ. ಅಲ್ಲೇ ರದ್ದು ಮಾಡಬಹುದು. ಕಾರ್ಡಿನಿಂದ ಹೋಗುತ್ತಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಹುಡುಕಿ. ಆ್ಯಪನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ದುಡ್ಡು ಕಟ್ ಆಗುವುದು ನಿಲ್ಲುವುದಿಲ್ಲ ಅನ್ನುವುದು ನೆನಪಿರಲಿ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ದುಡ್ಡು ಕಟ್ ಆಗುವ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು. ಬರುತ್ತದೆ ಕೂಡ. ನೂರಾರು ಜಾಹೀರಾತು ಮೆಸೇಜುಗಳ ಮಧ್ಯೆ ನಾವು ನೋಡುವುದಿಲ್ಲ, ಅಷ್ಟೇ.

ಮೊಬೈಲ್ ರೀಚಾರ್ಜನ್ನೂ ಇಲ್ಲೇ ನೋಡಿಬಿಡಿ. 28 ದಿನದ ಪ್ಲಾನ್ ಹಾಕಿಸುವವರು ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸುತ್ತಾರೆ. ನಾಲ್ಕು ಫೋನ್ ಇರುವ ಮನೆಯಲ್ಲಿ ಅದು ವರ್ಷಕ್ಕೆ ನಾಲ್ಕು ಹೆಚ್ಚುವರಿ ರೀಚಾರ್ಜ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೇಳಿದ ಮೇಲೆ ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಒಂದನ್ನಾದರೂ ಇಟ್ಟಿದೆ. 84 ದಿನದ್ದೋ ವರ್ಷದ್ದೋ ದಿನಕ್ಕೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಿ. ಬರೀ ಮಾತಾಡಲು ಫೋನ್ ಇಟ್ಟುಕೊಂಡಿರುವ ಅಪ್ಪ ಅಮ್ಮನಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಯಾಕೆ, ಅಲ್ವಾ? 2025ರಿಂದ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕುಗಳು ಬಂದಿವೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಹೆಜ್ಜೆ 3: ಅಡುಗೆಮನೆ

ಇಲ್ಲಿ ಉಳಿತಾಯ ಅಂದರೆ ಕಮ್ಮಿ ತಿನ್ನುವುದಲ್ಲ. ಹಾಲು, ಹಣ್ಣು, ಬೇಳೆ, ಮೊಟ್ಟೆ ಕಡಿಮೆ ಮಾಡಬೇಡಿ. ಅಲ್ಲಿ ಉಳಿಸಿದ್ದು ಆಮೇಲೆ ಡಾಕ್ಟರ ಹತ್ತಿರ ಹೋಗುತ್ತದೆ. ಕಡಿಮೆ ಮಾಡಬೇಕಾದ್ದು ಎಸೆಯುವುದನ್ನು, ಎರಡು ಸಲ ಕೊಳ್ಳುವುದನ್ನು, ಮತ್ತು ಹೊರಗಿನಿಂದ ತರಿಸುವುದನ್ನು.

ತರಿಸುವುದರಿಂದಲೇ ಶುರು ಮಾಡೋಣ. ಒಂದು ದಿನ ಈ ಲೆಕ್ಕ ಮಾಡಿ ನೋಡಿ. ನಿಮ್ಮ ಬೀದಿ ಕೊನೆಯ ದರ್ಶಿನಿಯ ಗೋಡೆ ಮೇಲೆ ಮಸಾಲೆ ದೋಸೆಗೆ ಎಷ್ಟು ಬರೆದಿದೆ ಅಂತ ನೋಡಿ. ಅದೇ ಹೋಟೆಲಿನ ಅದೇ ದೋಸೆಯನ್ನು ಆ್ಯಪ್‌ನಲ್ಲಿ ಬುಟ್ಟಿಗೆ ಹಾಕಿ, ದುಡ್ಡು ಕೊಡುವ ಪುಟದವರೆಗೂ ಹೋಗಿ. ದೋಸೆಯ ಬೆಲೆ, ಪ್ಯಾಕಿಂಗು, ಡೆಲಿವರಿ, ಪ್ಲಾಟ್‌ಫಾರ್ಮ್ ಫೀ, ಜಿಎಸ್‌ಟಿ ಎಲ್ಲ ಕೂಡಿ ಕೆಳಗೆ ಬರುವ ಮೊತ್ತವನ್ನು ಗೋಡೆ ಮೇಲಿನ ಬೆಲೆಯ ಪಕ್ಕ ಇಡಿ. ಮೆತ್ತಗಾದ ದೋಸೆಗೆ ನಾವು ಕೊಡುತ್ತಿರುವುದು ಎಷ್ಟು ಅಂತ ಗೊತ್ತಾಗುತ್ತದೆ. ಹೊರಗಿನ ತಿಂಡಿ ಬಿಡಿ ಅಂತ ನಾನು ಹೇಳುವುದಿಲ್ಲ. ನಡೆದುಕೊಂಡು ಹೋಗಿ ಬಿಸಿಬಿಸಿ ತಿಂದು ಬನ್ನಿ. ದೊಡ್ಡ ಹೋಟೆಲಿಗೆ ಹೋದಾಗ ಬಿಲ್ಲಿನಲ್ಲಿ "ಸರ್ವಿಸ್ ಚಾರ್ಜ್" ಅಂತ ಇದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಅಂತ ಕೇಳಬಹುದು. ಜಿಎಸ್‌ಟಿ ಮಾತ್ರ ಕೊಡಲೇಬೇಕು.

ಹತ್ತು ನಿಮಿಷದಲ್ಲಿ ಸಾಮಾನು ತರುವ ಆ್ಯಪ್‌ಗಳದ್ದು ಇನ್ನೊಂದು ಕತೆ. ಕರಿಬೇವು ಬೇಕು ಅಂತ ತೆರೆಯುತ್ತೇವೆ. ಇಷ್ಟು ರೂಪಾಯಿ ದಾಟಿದರೆ ಡೆಲಿವರಿ ಫ್ರೀ ಅನ್ನುತ್ತದೆ. ಕರಿಬೇವಿನ ಜೊತೆ ಚಿಪ್ಸು, ಬಿಸ್ಕತ್ತು, ಬೇಡದ ಇನ್ನೇನೋ ಮನೆಗೆ ಬರುತ್ತದೆ. ಅದಕ್ಕೆ ಮದ್ದು ತಿಂಗಳ ಚೀಟಿ. ಅಡುಗೆಮನೆಯಲ್ಲಿ ಒಂದು ಹಾಳೆ ಅಂಟಿಸಿ. ಯಾವುದು ಮುಗಿಯುತ್ತಾ ಬಂತೋ ಆಗಲೇ ಬರೆಯಿರಿ. ತಿಂಗಳ ಮೊದಲ ವಾರ ಕಿರಾಣಿ ಅಂಗಡಿಗೋ ಹೋಲ್‌ಸೇಲ್ ಅಂಗಡಿಗೋ ಹೋಗಿ ಒಂದೇ ಸಲ ತನ್ನಿ. ಅಕ್ಕಿ, ಬೇಳೆ, ಬೆಲ್ಲ ಇಂಥವು ಮೂಟೆಯಲ್ಲೋ ಬಿಡಿಯಾಗೋ ತೂಗಿಸಿ ತಂದರೆ ಸಾಮಾನ್ಯವಾಗಿ ಸಣ್ಣ ಪ್ಯಾಕೆಟ್ಟಿಗಿಂತ ಅಗ್ಗ.

ಪ್ಯಾಕೆಟ್ ತರುವಾಗ ಅಡುಗೆ ಎಣ್ಣೆಯ ಮುಂದೆ ಒಂದು ನಿಮಿಷ ನಿಲ್ಲಿ. ಒಂದು ಲೀಟರ್ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ. ಪಕ್ಕದಲ್ಲೇ ಅದೇ ಎತ್ತರದ ಇನ್ನೊಂದು ಪ್ಯಾಕೆಟ್ ಇರುತ್ತದೆ. ತಿರುಗಿಸಿ ನೋಡಿದರೆ 850 ಗ್ರಾಂ. ಮೊದಲನೆಯದು 155 ರೂಪಾಯಿ, ಎರಡನೆಯದು 148 ಅಂದುಕೊಳ್ಳಿ. ಕೈ ಎರಡನೆಯದರ ಕಡೆಗೇ ಹೋಗುತ್ತದೆ. ಕೆಜಿ ಲೆಕ್ಕಕ್ಕೆ ಇಳಿಸಿದರೆ ಮೊದಲನೆಯದು 170 ರೂಪಾಯಿ ಚಿಲ್ಲರೆ, ಎರಡನೆಯದು 174. ಅಗ್ಗ ಅಂತ ತಂದದ್ದೇ ತುಟ್ಟಿ. ಈ ಭಾಗಾಕಾರ ನೀವೇ ಮಾಡಬೇಕಾಗಿಲ್ಲ. ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗ್ರಾಮಿಗೋ ಮಿಲಿಲೀಟರಿಗೋ ಎಷ್ಟು ಬೀಳುತ್ತದೆ ಅಂತ "ಯುಎಸ್‌ಪಿ" ಹೆಸರಿನಲ್ಲಿ ಅಚ್ಚಾಗಿರುತ್ತದೆ. ಸೋಪಿನ ಪುಡಿ, ಟೂತ್‌ಪೇಸ್ಟು, ಕಾಫಿಪುಡಿ, ಬಿಸ್ಕತ್ತು ಎಲ್ಲಕ್ಕೂ ಇದೇ ನೋಡಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು ಅಂತ ಆಗ ಗೊತ್ತಾಗುತ್ತದೆ.

ತರಕಾರಿಗೆ ಹಾಪ್‌ಕಾಮ್ಸ್ ಮಳಿಗೆ ಹತ್ತಿರವಿದ್ದರೆ ಅಲ್ಲಿಯ ದರಪಟ್ಟಿ ನೋಡುವ ಅಭ್ಯಾಸ ಮಾಡಿ. ಕೊಳ್ಳದಿದ್ದರೂ ಅವತ್ತಿನ ರೇಟು ಎಷ್ಟು ಅಂತ ಒಂದು ಅಂದಾಜು ಸಿಗುತ್ತದೆ. ವಾರದ ಸಂತೆಗೆ ಸಂಜೆ ಹೊತ್ತು ಹೋದರೆ ರೇಟು ಇಳಿದಿರುತ್ತದೆ, ಆರಿಸಿಕೊಳ್ಳಲು ಮಾತ್ರ ಜಾಸ್ತಿ ಉಳಿದಿರುವುದಿಲ್ಲ. ಕಾಲಕ್ಕೆ ತಕ್ಕ ತರಕಾರಿ ತಿನ್ನಿ. ಅವರೆಕಾಯಿ ಡಿಸೆಂಬರ್ ಜನವರಿಯಲ್ಲಿ ಹೊಟ್ಟೆ ತುಂಬ ತಿನ್ನುವಂಥದ್ದು, ಜೂನ್‌ನಲ್ಲಿ ಹುಡುಕಿಕೊಂಡು ಹೋಗುವಂಥದ್ದಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತಲ್ಲ, ಆಗ ಹುಣಸೆಹಣ್ಣಿನ ಹುಳಿಯಲ್ಲಿ ಸಾರು ಮಾಡಿದವರು ಏನೂ ಕಳೆದುಕೊಳ್ಳಲಿಲ್ಲ. ಅಜ್ಜಿಯರ ಕಾಲದ ಸಾರಿಗೆ ಟೊಮೆಟೊ ಬೇಕೇ ಇರಲಿಲ್ಲ.

ಸೊಪ್ಪಿನವರ ಹತ್ತಿರ ಮಾತ್ರ ಚೌಕಾಸಿ ಬೇಡ. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ತಂದು ಬಿಸಿಲಲ್ಲಿ ಕೂತವರ ಐದು ರೂಪಾಯಿ ನಿಮ್ಮ ತಿಂಗಳ ಲೆಕ್ಕ ಬದಲಿಸುವುದಿಲ್ಲ. ಮನೆ ಕೆಲಸದವರ ಸಂಬಳವೂ ಅಷ್ಟೇ, ಆ ಸಾಲನ್ನು ಮುಟ್ಟಬೇಡಿ.

ತಂದ ಮೇಲೆ ಎಸೆಯಬಾರದು. ನಮ್ಮ ಅಡುಗೆಯಲ್ಲೇ ಇದಕ್ಕೆ ಬೇಕಾದ್ದೆಲ್ಲ ಇದೆ. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದರೆ ನೀರು ಸಾರಿಗೆ, ಗಟ್ಟಿ ಪಲ್ಯಕ್ಕೆ. ಒಂದೇ ಬೇಯಿಸುವಿಕೆಗೆ ಎರಡು ಅಡುಗೆ, ಸತ್ವವೂ ಬಚ್ಚಲಿಗೆ ಹೋಗಲಿಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತದೆ. ಕಲ್ಲಂಗಡಿಯ ಬಿಳಿ ಭಾಗ ಕರಾವಳಿ ಕಡೆ ದೋಸೆ ಹಿಟ್ಟಿಗೆ ಹೋಗುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನ. ವಾರಕ್ಕೊಂದು ದಿನ ಹೊಸದೇನೂ ತರದೆ ಫ್ರಿಜ್‌ನಲ್ಲಿ ಇರುವುದರಲ್ಲೇ ಅಡುಗೆ ಅಂತ ಇಟ್ಟುಕೊಳ್ಳಿ. ಮೂಲೆಯಲ್ಲಿ ಬಾಡುತ್ತಿದ್ದ ಅರ್ಧ ಮೂಲಂಗಿ, ಎರಡು ಬೀನ್ಸು, ಒಂದು ಕ್ಯಾರೆಟ್ಟು ಸೇರಿ ಒಳ್ಳೇ ಸಾಗು ಆಗುತ್ತದೆ.

ಗ್ಯಾಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬೇಳೆ, ಕಾಳು ನೆನೆಸಿಯೇ ಬೇಯಿಸಿ. ಕುಕ್ಕರಿನಲ್ಲಿ ಅನ್ನ, ಬೇಳೆ ಒಂದರ ಮೇಲೊಂದು ಇಡಿ. ಕೂಗಲು ಶುರುವಾದ ಮೇಲೆ ಉರಿ ಸಣ್ಣ ಮಾಡಿ. ಉರಿ ನೀಲಿಯ ಬದಲು ಹಳದಿಯಾಗಿದ್ದರೆ ಬರ್ನರಿನ ತೂತು ಕಟ್ಟಿಕೊಂಡಿದೆ, ತೊಳೆಯಿರಿ. ಸಿಲಿಂಡರ್ ಬಂದಾಗ ತೂಕ ಮಾಡಿಸಿ. ಖಾಲಿ ಸಿಲಿಂಡರಿನ ತೂಕ ಅದರ ಕುತ್ತಿಗೆ ಹತ್ತಿರದ ಪಟ್ಟಿಯ ಮೇಲೆ ಬರೆದಿರುತ್ತದೆ. ಅದಕ್ಕೆ 14.2 ಕೆಜಿ ಕೂಡಿಸಿದರೆ ಬರುವ ಸಂಖ್ಯೆಯೇ ತಕ್ಕಡಿಯಲ್ಲೂ ಬರಬೇಕು. ಪಟ್ಟಿಯಲ್ಲಿ 15.8 ಇದ್ದರೆ ತಕ್ಕಡಿಯಲ್ಲಿ 30.

ಹೆಜ್ಜೆ 4: ಕರೆಂಟು, ಮತ್ತು 200ರ ಗೆರೆ

ಕರ್ನಾಟಕದ ಮನೆಗಳಿಗೆ ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಲೆಕ್ಕವೇ ಬದಲಾಗಿದೆ. ತುಂಬ ಜನ ಇದನ್ನು "200 ಯೂನಿಟ್ ಫ್ರೀ" ಅಂತ ಮಾತ್ರ ತಿಳಿದಿದ್ದಾರೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ನಿಮ್ಮ ಉಚಿತ ಮಿತಿ. ಸರಾಸರಿ 48 ಯೂನಿಟ್ಟಿಗಿಂತ ಕಮ್ಮಿ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚು.

ನಿಮ್ಮ ಸರಾಸರಿ 120 ಅಂದುಕೊಳ್ಳಿ. ಮಿತಿ 132. ಈ ತಿಂಗಳು 150 ಬಳಸಿದರೆ ಹೆಚ್ಚಾದ 18 ಯೂನಿಟ್ಟಿಗೆ ಮಾತ್ರ ದುಡ್ಡು. ಆದರೆ 205 ಬಳಸಿದರೆ? ಹೆಚ್ಚಾದ ಐದಕ್ಕಲ್ಲ, ಎಪ್ಪತ್ತಮೂರಕ್ಕೂ ಅಲ್ಲ, 200ರ ಗೆರೆ ದಾಟಿದ್ದರಿಂದ ಪೂರ್ತಿ 205 ಯೂನಿಟ್ಟಿಗೂ ಬಿಲ್ಲು ಬರುತ್ತದೆ, ನಿಗದಿತ ಶುಲ್ಕದ ಸಮೇತ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂತ ಹಿಡಿದರೂ ಸಾವಿರದ ಇನ್ನೂರು ದಾಟಿತು. 199ಕ್ಕೆ ನಿಂತಿದ್ದರೆ ಅದರ ಮೂರನೇ ಒಂದು ಪಾಲಿನಷ್ಟೂ ಇರುತ್ತಿರಲಿಲ್ಲ.

ಆದ್ದರಿಂದ ಮೀಟರ್ ಓದಲು ಕಲಿಯಿರಿ. ಮೀಟರಿನ ಸಣ್ಣ ಪರದೆಯಲ್ಲಿ ತಾರೀಕು, ವೋಲ್ಟೇಜು, ಇನ್ನೇನೇನೋ ಒಂದಾದ ಮೇಲೊಂದು ಬರುತ್ತಿರುತ್ತದೆ. ಕೊನೆಯಲ್ಲಿ ಕೆಡಬ್ಲ್ಯೂಎಚ್ (kWh) ಅಂತ ಇಂಗ್ಲಿಷ್ ಅಕ್ಷರ ಇರುವ ಸಂಖ್ಯೆ ಬಂದಾಗ ಫೋನಿನಲ್ಲಿ ಫೋಟೋ ತೆಗೆಯಿರಿ. ಅದರಿಂದ ಹಿಂದಿನ ಬಿಲ್ಲಿನ ರೀಡಿಂಗ್ ಕಳೆದರೆ ಈವರೆಗೆ ಬಳಸಿದ ಯೂನಿಟ್ ಸಿಗುತ್ತದೆ. ಬಿಲ್ಲು ಬಂದ ಹದಿನೈದನೇ ದಿನಕ್ಕೆ ಒಂದು ಸಲ ನೋಡಿ. ಆಗಲೇ 110 ಆಗಿದ್ದರೆ ಮುಂದಿನ ಹದಿನೈದು ದಿನ ಎಚ್ಚರ.

ಎಲ್ಲಿ ಕಡಿಮೆ ಮಾಡಬೇಕು? ಮೊದಲು ಗೀಸರ್. ಬಚ್ಚಲುಮನೆಯ ಮಾಮೂಲಿ ಗೀಸರ್ 2,000 ವಾಟಿನದು, ಅಂದರೆ ಅರ್ಧ ಗಂಟೆ ಕಾಯಿಸಿದರೆ ಒಂದು ಯೂನಿಟ್. ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ, ಮತ್ತೊಬ್ಬರು ಹತ್ತಕ್ಕೆ ಸ್ನಾನ ಮಾಡುವ ಮನೆಯಲ್ಲಿ ನೀರು ಕಾದು, ಆರಿ, ಮತ್ತೆ ಕಾಯುತ್ತದೆ. ಒಬ್ಬರಾದ ಮೇಲೆ ಒಬ್ಬರು ಮುಗಿಸಿ ಸ್ವಿಚ್ ಆರಿಸಿದರೆ ದಿನಕ್ಕೆ ಅರ್ಧ ಗಂಟೆಯಷ್ಟು ಕಾಯಿಸುವುದು ತಪ್ಪಿದರೂ ತಿಂಗಳಿಗೆ 30 ಯೂನಿಟ್ ಉಳಿಯಿತು. ಆಮೇಲೆ ಫ್ಯಾನು. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಕಮ್ಮಿ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗುವ ಒಂದು ಫ್ಯಾನಿಗೆ ತಿಂಗಳಿಗೆ 13 ಯೂನಿಟ್ ಅಂತರ. ಎಲ್ಲ ಫ್ಯಾನೂ ಒಟ್ಟಿಗೆ ಬದಲಿಸಬೇಡಿ, ದುಡ್ಡು ದಂಡ. ಹೆಚ್ಚು ಹೊತ್ತು ತಿರುಗುವುದು ಮಲಗುವ ಕೋಣೆಯದು, ಅದನ್ನು ಮೊದಲು ಬದಲಿಸಿ. ಮಿಕ್ಕವು ಕೆಟ್ಟಾಗ ನೋಡಿಕೊಳ್ಳಿ. ಸ್ವಂತ ಮೋಟರ್ ಇರುವ ಮನೆಯಲ್ಲಿ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದು ನೀರಿಗೂ ನಷ್ಟ, ಕರೆಂಟಿಗೂ ನಷ್ಟ. ಟ್ಯಾಂಕ್ ತುಂಬಿದಾಗ ಮೋಟರ್ ತಾನೇ ನಿಲ್ಲುವ ಸಾಧನ ಹಾಕಿಸಿದರೆ ಆ ತಲೆನೋವು ಮುಗಿಯಿತು.

ಬಾಡಿಗೆ ಮನೆ ಬದಲಿಸಿದವರು ಗೃಹಜ್ಯೋತಿಗಾಗಿ ಹಳೇ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರು) ನಿಮ್ಮ ಆಧಾರ್ ಬಿಡಿಸಿ ಹೊಸ ಮನೆಯದಕ್ಕೆ ಸೇರಿಸುವುದನ್ನು ಮರೆಯಬೇಡಿ. ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲೇ ಆಗುತ್ತದೆ.

ಬೆಂಗಳೂರಿನವರಿಗೆ ನೀರಿನ ಬಿಲ್ಲೂ ಹಂತಹಂತವಾಗಿ ಏರುವಂಥದ್ದು. ನಲ್ಲಿಯ ಬಾಯಿಗೆ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಹಾಕಿಸಿ. 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿಯೇ ಇದಕ್ಕೆ ಒತ್ತಾಯ ಮಾಡಿತ್ತು. ಪಾತ್ರೆ ತೊಳೆಯುವ ನಲ್ಲಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಹೆಜ್ಜೆ 5: ಓಡಾಟ, ಔಷಧಿ

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆದರೂ ಬಸ್ ಸ್ಟಾಪ್ ಎದುರೇ ನಿಂತು ಆಟೋ ಬುಕ್ ಮಾಡುವವರಿದ್ದಾರೆ. ದಿನಾ ಬೇಡ, ವಾರದಲ್ಲಿ ಎರಡು ದಿನ ಬಸ್ಸಿಗೆ ಬದಲಾದರೂ ತಿಂಗಳ ಕೊನೆಗೆ ಗೊತ್ತಾಗುತ್ತದೆ. ನಮ್ಮ ಮೆಟ್ರೊ 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಟೋಕನ್ ಕೊಳ್ಳುವುದಕ್ಕಿಂತ ಸ್ಮಾರ್ಟ್ ಕಾರ್ಡ್ ಮೇಲು, ಶೇ 5 ರಿಯಾಯಿತಿ ಇದೆ. ಜನ ಕಮ್ಮಿ ಇರುವ ಹೊತ್ತಿನಲ್ಲಿ ಹೋದರೆ ಇನ್ನೂ ಸ್ವಲ್ಪ ಕಮ್ಮಿ. ಸ್ಕೂಟರಿನವರು ಟೈರಿನ ಗಾಳಿ ನೋಡಿಸಿಕೊಳ್ಳಿ, ಅಷ್ಟು ಸಾಕು.

ಬಿಪಿ, ಶುಗರ್ ಮಾತ್ರೆ ನುಂಗುವ ಹಿರಿಯರು ಇರುವ ಮನೆಯಲ್ಲಿ ಔಷಧಿಯ ಸಾಲು ದೊಡ್ಡದು. ಮಾತ್ರೆಯ ಹಾಳೆಯ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆ ಸಣ್ಣದಾಗಿ ಔಷಧಿಯ ನಿಜವಾದ ಹೆಸರು ಇರುತ್ತದೆ: ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಹೀಗೆ. ಆ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅನ್ನುವುದನ್ನು ಬರೆದುಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಬ್ರ್ಯಾಂಡಿನ ಬೆಲೆಯ ಅರ್ಧಕ್ಕೂ, ಎಷ್ಟೋ ಸಲ ಅದಕ್ಕಿಂತ ಕಮ್ಮಿಗೂ ಸಿಗುತ್ತದೆ. ಬದಲಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ. ದುಡ್ಡು ಉಳಿಸಲು ಅಂತ ಮಾತ್ರೆ ಅರ್ಧ ಮಾಡುವುದು, ಒಂದು ದಿನ ಬಿಟ್ಟು ಒಂದು ದಿನ ನುಂಗುವುದು ಯಾವ ಕಾರಣಕ್ಕೂ ಬೇಡ.

ಆರೋಗ್ಯ ವಿಮೆಯನ್ನು ಖರ್ಚು ಅಂತ ಕತ್ತರಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿಯನ್ನೂ ತೆಗೆದಿದ್ದಾರೆ. ಆಫೀಸಿನ ವಿಮೆ ಇದೆಯಲ್ಲ ಅನ್ನುವವರು ಯೋಚಿಸಿ, ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.

ಹೆಜ್ಜೆ 6: ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿ

ಜೂನ್ ಬಂತೆಂದರೆ ಸ್ಕೂಲ್ ಫೀಸು, ಬ್ಯಾಗು, ಶೂ. ಆಮೇಲೆ ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ ಸಾಲಾಗಿ. ಮಧ್ಯೆ ಗಾಡಿ ಇನ್ಶೂರೆನ್ಸು, ಎರಡು ಮದುವೆ, ಒಂದು ಗೃಹಪ್ರವೇಶ, ಮುಯ್ಯಿ. ಪ್ರತಿ ಸಲವೂ "ಈ ತಿಂಗಳು ಖರ್ಚು ಜಾಸ್ತಿ" ಅನ್ನುತ್ತೇವೆ. ಪ್ರತಿ ವರ್ಷ ಬರುವುದು ಅನಿರೀಕ್ಷಿತ ಹೇಗಾಗುತ್ತದೆ? ಇವೆಲ್ಲ ಒಂದು ಹಾಳೆಯಲ್ಲಿ ಬರೆದು, ಕೂಡಿಸಿ, ಹನ್ನೆರಡರಿಂದ ಭಾಗಿಸಿ. ಅಷ್ಟನ್ನು ತಿಂಗಳು ತಿಂಗಳು ಬೇರೆ ಅಕೌಂಟಿಗೆ ಹಾಕಿ. ವರ್ಷಕ್ಕೆ 60,000 ಆದರೆ ತಿಂಗಳಿಗೆ 5,000. ಇದು ಉಳಿತಾಯವಲ್ಲ, ಖರ್ಚೇ. ಸಾಲ ಮಾಡದೆ ಹಬ್ಬ ಮಾಡುವ ದಾರಿ.

ಹಬ್ಬದ್ದೇ ಇನ್ನೊಂದು ಮಾತು. ವರಮಹಾಲಕ್ಷ್ಮಿಯ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರ, ಮಲ್ಲಿಗೆ ರೇಟು ಕೇಳಿದರೆ ತಲೆ ತಿರುಗುತ್ತದೆ. ಬಳೆ, ಬ್ಲೌಸ್‌ಪೀಸು, ಅರಿಸಿನ ಕುಂಕುಮದ ಪೊಟ್ಟಣ ಇವನ್ನು ತಿಂಗಳ ಮೊದಲೇ ಚಿಕ್ಕಪೇಟೆಯಿಂದ ತಂದಿಟ್ಟುಕೊಳ್ಳಿ. ಹೂವು ಮಾತ್ರ ಕೊನೆಗೆ ಕೊಳ್ಳಿ, ಒಂದು ಮೊಳ ಕಮ್ಮಿ ಕೊಳ್ಳಿ. ಮಹಾಲಕ್ಷ್ಮಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ವಂತ ಮನೆಯವರು ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿವೆ. ಮಿಕ್ಕ ಪುಸ್ತಕಗಳಿಗೆ ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ ಇದ್ದೇ ಇದೆ.

ಹೆಜ್ಜೆ 7: ಕಾರ್ಡಿನ ಬಾಕಿ ಇದ್ದರೆ ಉಳಿತಾಯಕ್ಕಿಂತ ಮೊದಲು ಅದು

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ "ಮಿನಿಮಮ್ ಡ್ಯೂ" ಅಂತ ಒಂದು ಸಣ್ಣ ಮೊತ್ತ ಇರುತ್ತದೆ. 20,000 ಬಿಲ್ಲಿಗೆ 1,000 ಕಟ್ಟಿದರೆ ಸಾಕು ಅನ್ನುತ್ತದೆ. ಕಟ್ಟುತ್ತೀರಿ. ಉಳಿದ 19,000ಕ್ಕೆ ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 665 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, ಸುಮಾರು 120. ಕಟ್ಟಿದ ಸಾವಿರದಲ್ಲಿ 785 ಬಡ್ಡಿಗೇ ಹೋಯಿತು. ಅಸಲು ಇಳಿದದ್ದು ಇನ್ನೂರು ಚಿಲ್ಲರೆ. ಸಾಲದ್ದಕ್ಕೆ ಬಾಕಿ ಇಟ್ಟುಕೊಂಡು ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಶುರು. ವರ್ಷಕ್ಕೆ ಶೇ 40ರ ಹತ್ತಿರ ಬಡ್ಡಿ ಕಟ್ಟುತ್ತಾ, ಇನ್ನೊಂದು ಕಡೆ ಶೇ 7ಕ್ಕೆ ದುಡ್ಡು ಇಡುವುದರಲ್ಲಿ ಅರ್ಥವಿಲ್ಲ. ಇರುವ ಎಫ್‌ಡಿ ಮುರಿದಾದರೂ ಇದನ್ನು ತೀರಿಸಿ.

"ನೋ ಕಾಸ್ಟ್ ಇಎಂಐ" ಕಂಡಾಗ ಎರಡು ಪ್ರಶ್ನೆ ಕೇಳಿ. ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು ಡಿಸ್ಕೌಂಟು? ಪ್ರೊಸೆಸಿಂಗ್ ಫೀ ಎಷ್ಟು? ಉತ್ತರದಲ್ಲೇ ಕಾಸ್ಟ್ ಎಲ್ಲಿ ಅಡಗಿದೆ ಅಂತ ಗೊತ್ತಾಗುತ್ತದೆ.

ಹೆಜ್ಜೆ 8: ಉಳಿದದ್ದನ್ನು ಅದೇ ದಿನ ಕಣ್ಣಿಂದ ದೂರ ಮಾಡಿ

ಮೇಲಿನದೆಲ್ಲ ಮಾಡಿದರೆ ತಿಂಗಳಿಗೆ ಎಷ್ಟು ಉಳಿಯಬಹುದು ಅಂತ ಈಗ ಒಂದು ಅಂದಾಜು ಸಿಕ್ಕಿರುತ್ತದೆ. 2,000 ಅಂದುಕೊಳ್ಳೋಣ. ತಿಂಗಳ ಕೊನೆಗೆ ಉಳಿದರೆ ಹಾಕುತ್ತೇನೆ ಅಂದರೆ ಉಳಿಯುವುದಿಲ್ಲ. ಸಂಬಳ ಬಂದ ಮಾರನೇ ದಿನವೇ ಅದು ಹೋಗುವ ಹಾಗೆ ಬ್ಯಾಂಕಿನಲ್ಲಿ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯಿರಿ. ಆಟೋಪೇ ನಮ್ಮ ದುಡ್ಡು ತಿನ್ನುತ್ತದೆ ಅಂದೆವಲ್ಲ, ಅದೇ ಹತಾರವನ್ನು ಇಲ್ಲಿ ನಮ್ಮ ಕಡೆಗೆ ತಿರುಗಿಸಿಕೊಳ್ಳುವುದು.

ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷದ್ದು. 2023ರ ಅಕ್ಟೋಬರ್‌ನಲ್ಲಿ ಅದರ ಬಡ್ಡಿ ಶೇ 6.7ಕ್ಕೆ ಏರಿತು. ಆ ದರದಲ್ಲಿ ತಿಂಗಳಿಗೆ 2,000 ಕಟ್ಟಿದರೆ ನೀವು ಹಾಕಿದ 1,20,000ಕ್ಕೆ ಐದು ವರ್ಷದ ಕೊನೆಗೆ ಸುಮಾರು 1,42,700 ಬರುತ್ತದೆ. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ನೋಡುತ್ತದೆ, ತೆರೆಯುವ ದಿನದ ದರ ಕೇಳಿಕೊಳ್ಳಿ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸರ್ಕಾರದ ಸುಕನ್ಯಾ ಸಮೃದ್ಧಿ ಉಳಿತಾಯ ಯೋಜನೆಯನ್ನು ಮೊದಲು ನೋಡಿ, ಅದರ ಬಡ್ಡಿ ಇದಕ್ಕಿಂತ ಜಾಸ್ತಿ. ಆದರೆ ಎಲ್ಲಕ್ಕಿಂತ ಮೊದಲು ಮೂರು ತಿಂಗಳ ಮನೆ ಖರ್ಚಿನಷ್ಟು ದುಡ್ಡು ಬೇಕೆಂದಾಗ ತೆಗೆಯುವ ಹಾಗೆ ಎಸ್‌ಬಿ ಅಕೌಂಟಿನಲ್ಲೋ ಸಣ್ಣ ಎಫ್‌ಡಿಯಲ್ಲೋ ಇರಲಿ. ಅದಿಲ್ಲದಿದ್ದರೆ ಒಂದು ಆಸ್ಪತ್ರೆ ಖರ್ಚು ಬಂದಾಗ ಮತ್ತೆ ಕಾರ್ಡು ಹೊರಗೆ ಬರುತ್ತದೆ.

ಚೀಟಿ ಹಾಕುವ ಅಭ್ಯಾಸ ನಮ್ಮಲ್ಲಿ ಗಟ್ಟಿ. ಕೆಟ್ಟದ್ದೇನಲ್ಲ, ತಿಂಗಳು ತಿಂಗಳು ಕಟ್ಟಲೇಬೇಕು ಅನ್ನುವ ಶಿಸ್ತು ಬರುತ್ತದೆ. ಆದರೆ ನೋಂದಣಿಯಾದ ಚೀಟಿಗೇ ಹಾಕಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪಕ್ಕದ ಬೀದಿಯ ಆಂಟಿ ಎಷ್ಟೇ ಒಳ್ಳೆಯವರಾದರೂ ನೋಟ್‌ಬುಕ್ಕಿನಲ್ಲಿ ಬರೆದ ಚೀಟಿಗೆ ಕಾನೂನಿನ ಆಸರೆ ಸಿಗುವುದು ಕಷ್ಟ. ತಿಂಗಳಿಗೆ ಶೇ 3, ಶೇ 5 ಕೊಡುತ್ತೇವೆ ಅನ್ನುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಸೊಸೈಟಿಗಳಲ್ಲಿ ದುಡ್ಡು ಇಡುವವರು ಒಂದು ವಿಷಯ ತಿಳಿದಿರಬೇಕು. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸಿಗುತ್ತದೆ. ಈ ವಿಮೆ ಸಹಕಾರಿ ಬ್ಯಾಂಕುಗಳಿಗೂ ಉಂಟು. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ "ಸಹಕಾರಿ" ಅಂತ ಎರಡರಲ್ಲೂ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ದುಡ್ಡು ಇಡುವ ಮೊದಲು ಕೌಂಟರಿನಲ್ಲಿ ನೇರವಾಗಿ ಕೇಳಿ: "ಇದು ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಬ್ಯಾಂಕಾ, ಸೊಸೈಟಿಯಾ? ಠೇವಣಿ ವಿಮೆ ಇದೆಯಾ?" ಉತ್ತರ ತೊದಲಿದರೆ ಬೇಡ. ಮತ್ತೆ, ಯಾವ ಅಕೌಂಟ್ ತೆರೆದರೂ ನಾಮಿನಿ ಹೆಸರನ್ನು ಅವತ್ತೇ ಬರೆಸಿ, ಪಾಸ್‌ಬುಕ್ ಎಲ್ಲಿಟ್ಟಿದ್ದೀರಿ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡಿ.